ತೆರೆದ ಕಾರ್ಡು

ಸವಣೂರು
2-5-1983
(ಅಂಚೆ ಕಾರ್ಡು)

ಚಿಕ್ಕೇರೂರಿನ ಶಂಕ್ರವ್ವನವರಿಗೆ ಸವಣೂರಿನ ಖತೀಜಾಬಿಯವರ ಸಲಾಮು. ಅವರ ಯಜಮಾನರು, ನನ್ನ ಮಾವನವರು, ವೀಳ್ಯದೆಲೆ ವ್ಯಾಪಾರದ ಹಜರತಅಲಿಯವರು, ತೀರಿಕೊಂಡು ಒಂದೂವರೆ ವರ್ಷವಾಯಿತು. ಅವರ ಪೆಟ್ಟಿಗೆ ತೆಗೆದಾಗ ನಿಮ್ಮ ಮಗಳ ನರ್ಸ್ ಓದಿಗೆಂದು 1975ರಲ್ಲಿ ಮೂರು ಸಾವಿರ ರೂಪಾಯಿ ಪಡೆದು ನೀವು ಬರೆದುಕೊಟ್ಟ ಸಾಲದ ನೋಟು ಸಿಕ್ಕಿತು. ಏಳು ನೂರು ಜಮಾ ಇದೆ. ಉಳಿದದ್ದು ಬಾಕಿ. ನಿಮ್ಮ ಮಗಳ ಸರ್ಟಿಫಿಕೇಟೂ ನಮ್ಮಲ್ಲೇ ಇದೆ. ತಡ ಮಾಡದೆ ಬಂದು ತೀರಿಸಿಕೊಂಡು ಹೋಗಬೇಕು.

ಬರೆದವಳು: ಸೊಸೆ ಮುನವ್ವರಾ

•

ಚಿಕ್ಕೇರೂರು, ತಾ. ಹಿರೇಕೆರೂರು
7-5-1983

ಹಜರತಅಲಿಯವರ ಮನೆಯವರಿಗೆ,

ಕ್ಷೇಮ ಸಮಾಚಾರ ಬರೆಯುವ ಮನಸ್ಸು ಈ ಹೊತ್ತು ನನಗಿಲ್ಲ.

ಹಜರತಅಲಿಯವರು ಹೋದ ಸುದ್ದಿ ನಿಮ್ಮ ಕಾರ್ಡಿನಿಂದಲೇ ತಿಳಿಯಿತು. ನನ್ನ ತವರು ಸವಣೂರು. ನಮ್ಮಪ್ಪ ಬದುಕಿರುವ ತನಕ ನಮ್ಮ ಎಲೆತೋಟದ ಎಲೆ ಅವರ ಅಂಗಡಿಗೇ ಹೋಗುತ್ತಿತ್ತು. ಅವರು ತೂಕದಲ್ಲೂ ಮಾತಿನಲ್ಲೂ ಕಡಿಮೆ ಮಾಡಿದವರಲ್ಲ. ಅವರಿಗೆ ಒಳ್ಳೆಯದಾಗಲಿ.

ಇನ್ನು ಕಾರ್ಡಿನ ಮಾತು. ಸಾಲದ ವಿಷಯವನ್ನು ಯಾರಾದರೂ ತೆರೆದ ಕಾರ್ಡಿನಲ್ಲಿ ಬರೆಯುತ್ತಾರೆಯೇ? ನಮ್ಮೂರ ಟಪಾಲು ಹಂಚುವ ಯಲ್ಲಪ್ಪ ಓದಲಾರದ್ದು ಮುಚ್ಚಿ ಅಂಟಿಸಿದ್ದು ಮಾತ್ರ. ಓಣಿಯ ತುದಿಯಿಂದಲೇ ಕೂಗಿಕೊಂಡು ಬಂದ: "ಶಂಕ್ರವ್ವಾರ, ಸವಣೂರಾಗ ನಿಮ್ಮದೊಂದು ಸಾಲ ಐತಂತ್ರಿ! ಹೊನ್ನವ್ವಕ್ಕನ ಸರ್ಟಿಫಿಕೇಟು ಅಲ್ಲೇ ಕುಂತಾವಂತ!"

"ಸರಕಾರ ನಿನಗ ಪಗಾರ ಕೊಡೂದು ಟಪಾಲು ಹಂಚಾಕೋ, ಓದಾಕೋ?" ಎಂದೆ.

"ಹಂಚಾಕ ಪಗಾರ ಐತ್ರಿ. ಓದೂದು ಪುಕ್ಕಟೆ ಮಾಡ್ತೇನಿ" ಎಂದ. ನೀರಿಗೆ ನಿಂತಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟುಕೊಂಡರು.

ಈ ಊರಲ್ಲಿ ಕೈ ಚಾಚಬಾರದೆಂದೇ ನಾನು ಎರಡು ಬಸ್ಸು ಬದಲಿಸಿ ಸವಣೂರಿಗೆ ಬಂದು ಸಾಲ ತಂದವಳು. ಎಂಟು ವರ್ಷ ನನ್ನ ಗಂಡನಿಗೂ ತಿಳಿಯದಂತೆ, ಮಗಳಿಗೂ ತಿಳಿಯದಂತೆ ಇಟ್ಟ ಮಾತನ್ನು ನಿಮ್ಮ ಸೊಸೆ ಒಂದು ಕಾರ್ಡಿನಲ್ಲಿ ಬಯಲಿಗೆ ಹಾಕಿದಳು. ಮಗಳು ಹಾನಗಲ್ಲಿನಲ್ಲಿದ್ದಾಳೆ, ಅಲ್ಲಿಗೆ ಸುದ್ದಿ ಮುಟ್ಟಿಲ್ಲವೆಂಬುದೊಂದೇ ಸಮಾಧಾನ.

ಸಾಲ ನಾನು ಮರೆತಿಲ್ಲ. ಐದು ವರ್ಷದ ಹಿಂದೆ ಮಗಳ ಓದು ಮುಗಿದಾಗ ಅವಳ ಸರ್ಟಿಫಿಕೇಟನ್ನು ನಾನಾಗಿ ತಂದು ಒತ್ತೆ ಇಟ್ಟದ್ದು, ಅದನ್ನೂ ಮರೆತಿಲ್ಲ. ನನಗೆ ಅನುಕೂಲವಾದಾಗ ಬರುತ್ತೇನೆ. ಅವಸರವೇನಿಲ್ಲ. ಇನ್ನು ಮುಂದೆ ಬರೆಯುವುದಿದ್ದರೆ ಮುಚ್ಚಿದ ಇನ್‌ಲ್ಯಾಂಡಿನಲ್ಲಿ ಬರೆಯಿರಿ.

ಶಂಕ್ರವ್ವ

•

ಸವಣೂರು
16-5-1983

ಶಂಕ್ರವ್ವನವರಿಗೆ,

ಅತ್ತೆಯವರಿಗೆ ಕನ್ನಡ ಮಾತು ಬರುತ್ತದೆ, ಓದು ಬರಹ ಬರುವುದಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರಿ ಎಂದಿದ್ದಾರೆ. ಅದರಂತೆ:

"ಶಂಕ್ರವ್ವಾರ, ಕಾರ್ಡು ಹಾಕಿದ್ದು ತಪ್ಪಾತ್ರಿ. ಈ ಹುಡುಗಿ ನಾಕಾಣೆ ಉಳಸಾಕ ಹೋಗಿ ನಿಮ್ಮ ಮಾನಾ ಕಳೀತು. ನಾ ಚೆಂದಂಗ ಬೈದೇನಿ. ಬೈದಿದ್ದನ್ನ ಬರೀ ಅಂದ್ರ ಬರೀವಲ್ಲಳು.

"ಈಗ ಕೆಲಸದ ಮಾತು. ಬಡ್ಡಿ ಗಿಡ್ಡಿ ನಮಗ ಬ್ಯಾಡ. ಮೂರು ಸಾವಿರದಾಗ ಏಳು ನೂರು ಹೋದ್ರ ಎರಡು ಸಾವಿರದ ಮುನ್ನೂರು. ಅಷ್ಟು ಕೊಟ್ಟು ನಿಮ್ಮ ಕಾಗದಾ ಒಯ್ರಿ. ಅಷ್ಟೂ ಆಗೂದಿಲ್ಲಂದ್ರ ಅದರಾಗ ಎಷ್ಟಾಕ್ಕತಿ ಅಷ್ಟು ಕೊಟ್ಟು ಮುಗಿಸಿಬಿಡ್ರಿ. ನನಗ ಇದನ್ನ ಇಟಗೊಂಡು ಕುಂದ್ರಾಕ ಆಗೂದಿಲ್ಲ. ಆಗಸ್ಟ್ ಬರೂದ್ರಾಗ ಮುಗೀಬೇಕು. ಯಾಕ ಅಂತ ಕೇಳಬ್ಯಾಡ್ರಿ."

ಕಾರ್ಡಿನ ತಪ್ಪು ನನ್ನದು. ನಿಮ್ಮ ಊರಲ್ಲಿ ಕಾರ್ಡು ಓದುತ್ತಾರೆಂದು ನನಗೆ ಹೊಳೆಯಲಿಲ್ಲ. ಕ್ಷಮಿಸಿರಿ.

ಮುನವ್ವರಾ

•

ಚಿಕ್ಕೇರೂರು
22-5-1983

ಖತೀಜಾಬಿಯವರಿಗೆ,

ನಿಮ್ಮ ಪತ್ರ ಮುಟ್ಟಿತು. ಮುಚ್ಚಿದ್ದೇ ಬಂತು. ಯಲ್ಲಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ ಬೇಸರದಿಂದ ಕೊಟ್ಟು ಹೋದ.

ಬಡ್ಡಿ ಬೇಡವೆಂದು ಬರೆದಿದ್ದೀರಿ. ಬೇಡವೆನ್ನಲು ನಾನು ನಿಮ್ಮಲ್ಲಿ ಕೇಳಿದೆನೇ? ಗಂಡ ಸತ್ತವಳೆಂದು ಕನಿಕರವೋ? ನೋಟಿನಲ್ಲಿ ನೂರಕ್ಕೆ ಹನ್ನೆರಡು ಎಂದು ಅಚ್ಚಾಗಿದೆ, ಅದರ ಕೆಳಗೆ ನನ್ನ ಸಹಿ ಇದೆ. ನಾನು ಮ್ಯಾಟ್ರಿಕ್ ತನಕ ಓದಿದವಳು, ಓದಿಯೇ ಸಹಿ ಮಾಡಿದವಳು. ಕಟ್ಟಿದ ಏಳು ನೂರು ಬಡ್ಡಿಗೇ ಹೋಯಿತು; ನಾನು ಕೊಡಬೇಕಾದದ್ದು ಎರಡು ಸಾವಿರದ ಮುನ್ನೂರಲ್ಲ, ಐದು ಸಾವಿರದ ನೂರ ಎಂಬತ್ತು. ಪ್ರತಿ ವರ್ಷ ಯುಗಾದಿಯ ಮರುದಿನ ಕೂತು ಲೆಕ್ಕ ಹಾಕಿದ್ದೇನೆ.

ನೀವು ಕೇಳಬಹುದು, ಇಷ್ಟು ಲೆಕ್ಕ ಬಲ್ಲವಳು ಆರು ವರ್ಷ ಒಂದು ರೂಪಾಯಿಯನ್ನೂ ಯಾಕೆ ಕಳಿಸಲಿಲ್ಲ ಎಂದು. ಎಪ್ಪತ್ತೇಳರಲ್ಲಿ ನಮ್ಮವರು ತೀರಿಕೊಂಡರು. ಆಮೇಲೆ ನನ್ನ ಕೈಗೆ ಉಳಿಯುತ್ತಿದ್ದದ್ದು ವರ್ಷಕ್ಕೆ ನೂರೋ ನೂರೈವತ್ತೋ. ಬಡ್ಡಿಯೇ ವರ್ಷಕ್ಕೆ ಮುನ್ನೂರೈವತ್ತರ ಮೇಲಾಗುವಾಗ ನೂರು ರೂಪಾಯಿ ಮನಿಯಾರ್ಡರು ಮಾಡುವುದು ನನಗೆ ನಾಚಿಕೆಯೆನಿಸಿತು. ಕೊಟ್ಟರೆ ಸರಿಯಾಗಿ ಕೊಡಬೇಕು, ಇಲ್ಲವೆಂದರೆ ಸುಮ್ಮನಿರಬೇಕು. ಸುಮ್ಮನಿದ್ದೆ.

ಕಡಿಮೆ ಕೊಟ್ಟು ಮುಗಿಸಿಕೊಳ್ಳುವುದು ನಮ್ಮ ಮನೆತನದಲ್ಲಿಲ್ಲ. ಪೂರ್ತಿ ಹಣ ಕೂಡಿದ ದಿನ ಬರುತ್ತೇನೆ. ಅಲ್ಲಿಯ ತನಕ ಸರ್ಟಿಫಿಕೇಟು ನಿಮ್ಮಲ್ಲೇ ಇರಲಿ.

ಶಂಕ್ರವ್ವ

•

ಚಿಕ್ಕೇರೂರು
6-6-1983

ಖತೀಜಾಬಿಯವರಿಗೆ,

ಹದಿನೈದು ದಿನ ನಿಮ್ಮ ಉತ್ತರಕ್ಕೆ ಕಾದೆ. ಬರಲಿಲ್ಲ. ನನ್ನ ಮಾತಿನಿಂದ ನೊಂದಿದ್ದರೆ ನೋಯುವ ಹಕ್ಕು ನಿಮಗಿದೆ. ಆದರೆ ನನಗೆ ಇನ್ನು ಕಾಯುವ ಹಾಗಿಲ್ಲ. ಆದುದರಿಂದ ಕಳೆದ ಪತ್ರದಲ್ಲಿ ಬರೆಯದೆ ಇಟ್ಟದ್ದನ್ನು ಈಗ ಬರೆಯುತ್ತೇನೆ.

ಆ ಪತ್ರ ಬರೆಯುವಾಗ ನನ್ನ ಮಗಳ ನೌಕರಿಯ ಆರ್ಡರು ನನ್ನ ಮೊಣಕಾಲ ಬಳಿಯೇ ಇತ್ತು. ಶಿಗ್ಗಾಂವಿಯ ಸರಕಾರಿ ದವಾಖಾನೆಗೆ ನರ್ಸ್ ಎಂದು ನೇಮಕವಾಗಿದೆ. ಜೂನ್ ಇಪ್ಪತ್ತೇಳನೆಯ ತಾರೀಕಿನೊಳಗೆ ಅಸಲು ಸರ್ಟಿಫಿಕೇಟು ತೋರಿಸಿ ಹಾಜರಾಗಬೇಕು. ನಕಲು ನಡೆಯುವುದಿಲ್ಲ. ಅವಳಿಗೆ ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯುತ್ತದೆ. ಇದು ತಪ್ಪಿದರೆ ಮತ್ತೊಂದು ಬರುವುದಿಲ್ಲ. ನಮ್ಮ ಅವಸರ ನಿಮಗೆ ತಿಳಿದರೆ ಹಗ್ಗ ಬಿಗಿಯುತ್ತೀರೆಂದು ಬರೆಯಲಿಲ್ಲ. ಬಡ್ಡಿಯೇ ಬೇಡವೆಂದವರ ಬಗ್ಗೆ ಹಾಗೆ ಯೋಚಿಸಿದೆ. ಹೆದರಿದವರ ಬುದ್ಧಿ ಹಾಗೆಯೇ ಓಡುತ್ತದೆ.

ಹೊನ್ನವ್ವ ಐದು ವರ್ಷದಿಂದ ಹಾನಗಲ್ಲಿನ ಒಂದು ಖಾಸಗಿ ದವಾಖಾನೆಯಲ್ಲಿ ದುಡಿಯುತ್ತಿದ್ದಾಳೆ. ಅಸಲು ಕಾಗದ ತೋರಿಸದ್ದಕ್ಕೆ ಅವಳಿಗೆ ಸಿಗುವುದು ಆಯಾಗಳ ಪಗಾರ. ಅವಳು ಕೇಳಿದಾಗಲೆಲ್ಲ ಏನೋ ಒಂದು ನೆಪ ಹೇಳಿ ಮುಂದೂಡಿದ್ದೇನೆ. ಮೊನ್ನೆ ಬಂದು, "ಅವ್ವಾ, ಸರ್ಟಿಫಿಕೇಟು ತಗದು ಕೊಡ" ಎಂದಳು. "ಪೆಟ್ಟಿಗ್ಯಾಗ ಅದಾವು. ಒಳ್ಳೆ ದಿನಾ ನೋಡಿ ತಗೀತೇನಿ" ಎಂದೆ. ಬೀಗದ ಕೈ ನನ್ನ ಸೊಂಟದಲ್ಲಿತ್ತು. ಪೆಟ್ಟಿಗೆಯಲ್ಲಿ ಎರಡು ಹಳೆಯ ಸೀರೆಗಳು ಬಿಟ್ಟರೆ ಏನೂ ಇರಲಿಲ್ಲ.

ಅವಳನ್ನು ಓದಿಸಿದ್ದು ಅವಳಪ್ಪನೆಂದು ಅವಳಿಗೆ ಹೇಳಿದ್ದೇನೆ. ನಿಜವಾಗಿ ಅವರು "ಮಂದೀ ಹುಣ್ಣು ತೊಳಿಯೂ ಕೆಲಸಾ ನಮ್ಮ ಹುಡುಗಿಗೆ ಬ್ಯಾಡ" ಎಂದಿದ್ದರು. ಖರ್ಚೆಲ್ಲ ನನ್ನ ತವರಿನವರದು ಎಂದ ಮೇಲೆ ಸುಮ್ಮನಾದರು. ಹೀಗೆ ಇಬ್ಬರಿಗೂ ಎರಡು ಸುಳ್ಳು ಹೇಳಿ ನಡುವೆ ನಾನು ನಿಂತೆ.

ಎಮ್ಮೆ ಮಾರಿದ್ದೇನೆ. ಒದೆಯುತ್ತಿತ್ತು, ಅದಕ್ಕೆ ಮಾರಿದೆ ಎಂದು ಊರಿಗೆ ಹೇಳಿದ್ದೇನೆ. ಅದು ಕೂಸಿನಂಥ ಎಮ್ಮೆ. ಕೈಯಲ್ಲಿದ್ದದ್ದೂ ಸೇರಿ ಹದಿನೆಂಟು ನೂರು ರೂಪಾಯಿ ಆಗಿದೆ. ಇದಕ್ಕಿಂತ ಹೆಚ್ಚು ಈ ತಿಂಗಳಲ್ಲಿ ನನ್ನಿಂದ ಆಗದು. ಇದನ್ನು ತೆಗೆದುಕೊಂಡು ಸರ್ಟಿಫಿಕೇಟು ಕೊಡಿರಿ. ಉಳಿದ ಅಸಲು, ಬಡ್ಡಿ ಎಲ್ಲಕ್ಕೂ ಹೊಸ ನೋಟು ಬರೆದುಕೊಡುತ್ತೇನೆ.

ಕೇಳಿ ರೂಢಿಯಿಲ್ಲ. ಹೇಗೆ ಕೇಳಬೇಕೆಂದು ತಿಳಿಯದೆ ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ಶಂಕ್ರವ್ವ

•

ಸವಣೂರು
11-6-1983

ಶಂಕ್ರವ್ವನವರಿಗೆ,

ನೀವು ತಿಳಿದ ಹಾಗೆ ಯಾರೂ ನೊಂದಿಲ್ಲ. ನಾನು ಅಕ್ಕಿಆಲೂರಿಗೆ, ನನ್ನ ತಂಗಿ ಬಾನುಬಿಯ ನಿಕಾಹಕ್ಕೆ ಹೋಗಿದ್ದೆ. ಇಲ್ಲಿ ಓದುವವರು ಇರಲಿಲ್ಲ. ಅತ್ತೆಯವರು ನಿಮ್ಮ ಪತ್ರಗಳನ್ನು ಕುರಾನಿನ ಪಕ್ಕದ ಗೂಡಿನಲ್ಲಿ ಇಟ್ಟು, ದಿನಾ ಒಮ್ಮೆ ತೆಗೆದು ನೋಡಿ ಮತ್ತೆ ಇಡುತ್ತಿದ್ದರಂತೆ. ನಿನ್ನೆ ಬಂದು ಎರಡನ್ನೂ ಒಟ್ಟಿಗೆ ಓದಿದೆ. ಮೊದಲಿನದು ಓದಿದಾಗ, "ಹೆಂಗಸು ಗಟ್ಟಿ ಅದಾಳ" ಎಂದು ನಕ್ಕರು. ಎರಡನೆಯದು ಮುಗಿದ ಮೇಲೆ ಎದ್ದು ಹೋಗಿ ಕೈಕಾಲು ಮುಖ ತೊಳೆದು ವಜೂ ಮಾಡಿ ನಮಾಜಿಗೆ ಕುಳಿತರು. ಇವತ್ತು ಬೆಳಿಗ್ಗೆ ಹೇಳಿದ್ದು ಇದು:

"ಶಂಕ್ರವ್ವಾರ, ನೀವು ಮ್ಯಾಟ್ರಿಕ್ ಓದಿದವರು. ಆದ್ರ ಒಂದು ಮಾತು ನಿಮಗ ಗೊತ್ತಿಲ್ಲ. ಬಡ್ಡಿ ತಿನ್ನೂದು ನಮಗ ಹರಾಮ್ ಐತಿ. ಕೊಡೂದೂ ಇಲ್ಲ, ತಗೊಳ್ಳೂದೂ ಇಲ್ಲ. ನಮ್ಮವರು ನಿಮ್ಮ ರೊಕ್ಕಕ್ಕ ಒಂದು ಪೈ ಬಡ್ಡಿ ಹಚ್ಚಿಲ್ಲ. ಆ ಹನ್ನೆರಡು ಅಂಬೂದು ಸ್ಟಾಂಪಿನವನ ಅಚ್ಚಿನ ಕಾಗದದಾಗ ಮೊದಲ ಇದ್ದದ್ದು. ನಮ್ಮವರಿಗೆ ಕನ್ನಡಾ ಓದಾಕ ಬರ್ತಿದ್ದಿಲ್ಲ. ನೀವು ಓದಿ ಸಹಿ ಮಾಡಿದ್ರಿ, ಅವರು ಓದದ ಇಟಗೊಂಡ್ರು. ನೀವು ಆರು ವರ್ಷ ನೂರು ನೂರು ಕಳಿಸಿದ್ರ ಅಷ್ಟಷ್ಟೂ ಅಸಲಿನಾಗ ಕಡಿಮಿ ಆಗ್ತಿತ್ತಲ್ರೀ! ಯಾರೂ ಹಚ್ಚದ ಬಡ್ಡಿಗೆ ಹೆದರಿ ಕುಂತ್ರಿ.

"ಆಗಸ್ಟ್ ಯಾಕಂತ ಈಗ ಹೇಳ್ತೇನಿ. ನಾ ಹಜ್ಜಿಗೆ ಹೊಂಟೇನಿ. ಮುಂಬೈದಾಗ ಹಡಗು ಹತ್ತೂದು ಐತಿ. ಊರಾಗ ಹೇಳಿಲ್ಲ, ಚೀಟಿ ಕೈಗೆ ಬಂದ ಮ್ಯಾಲ ಹೇಳೂಣು ಅಂತ. ಹೋಗೂ ಮೊದಲ ಕೊಡೂದು ತಗೊಳ್ಳೂದು, ಲೇನ್-ದೇನ್ ಎಲ್ಲಾ ಮುಗಿಸಬೇಕು. ಬರೂ ಬಾಕಿ ಇಟಗೊಂಡು, ದಾರಿಯಾಗ ಅದರ ನೆಪ್ಪು ಮಾಡಿಕೋತ ನಾ ಹೋಗೂದಿಲ್ಲ. ತಗೋಬೇಕು, ಇಲ್ಲಾ ಮಾಫ್ ಮಾಡಬೇಕು. ಅದಕ್ಕ ಹೊಸಾ ನೋಟು ಗೀಟು ಬ್ಯಾಡ. ಹದಿನೆಂಟು ನೂರು ತರ್ರಿ. ಅಲ್ಲಿಗೆ ಚುಕ್ತಾ.

"ಸರ್ಟಿಫಿಕೇಟು ನಾವು ಒತ್ತಿ ಇಟಗೊಂಡಿಲ್ಲ. ನೀವು ಅಂಗಡ್ಯಾಗ ಎಲೀ ಪಿಂಡಿ ಮ್ಯಾಲ ಒಗದು ಹೋದ್ರಿ. ನಮ್ಮವರು ಹಿಂದ ಕೂಗಿದ್ರಂತ, ನೀವು ತಿರುಗಿ ನೋಡಲಿಲ್ಲಂತ. 'ಇದು ಆ ಹುಡುಗೀ ಅಮಾನತ್ತು, ಕಾಯಾಕ ಕೊಟ್ಟದ್ದು' ಅಂತ ಅರಿವ್ಯಾಗ ಸುತ್ತಿ ಇಟ್ಟಾರ. ಕಾರ್ಡಿನಾಗ ನಾ ಬರಿ ಅಂದಿದ್ದೂ ಅದನ್ನ, ಬಂದು ಒಯ್ರಿ ಅಂತ. ಈ ಹುಡುಗಿ ವಕೀಲರ ಗತೆ ಬರೀತು."

ವಕೀಲರ ಹಾಗೆ ಬರೆದದ್ದು ನಿಜ. ಮತ್ತೊಮ್ಮೆ ಕ್ಷಮಿಸಿರಿ.

ಮುನವ್ವರಾ

•

ಚಿಕ್ಕೇರೂರು
15-6-1983

ಖತೀಜಾಬಿಯವರಿಗೆ ಶಂಕ್ರವ್ವ ಮಾಡುವ ನಮಸ್ಕಾರ.

ನಿಮ್ಮ ಪತ್ರವನ್ನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಓದಿದೆ. ಆಮೇಲೆ ಆರು ಯುಗಾದಿಯ ಲೆಕ್ಕದ ಹಾಳೆಗಳನ್ನು ತೆಗೆದು ಒಲೆಗೆ ಹಾಕಿದೆ. ಒಂದು ಚಹಾ ಕಾಯುವಷ್ಟೂ ಉರಿಯಲಿಲ್ಲ. ಅಷ್ಟಕ್ಕೆ ನಾನು ಐದು ವರ್ಷ ಸವಣೂರಿನ ಬಸ್ಸು ಹತ್ತಲಿಲ್ಲ. ತವರಿನಲ್ಲಿ ಮದುವೆ ಇದ್ದಾಗಲೂ ಮೈಯಲ್ಲಿ ಹುಷಾರಿಲ್ಲವೆಂದು ಉಳಿದೆ, ನಿಮ್ಮವರು ಎದುರಾದರೆ ಏನು ಹೇಳಲಿ ಎಂದು. ಒಂದು ಸಲ ಎದುರು ಹೋಗಿ ನಿಂತಿದ್ದರೆ ಅವರೇ ಹೇಳುತ್ತಿದ್ದರು. ಈಗ ಹೇಳಲು ಅವರಿಲ್ಲ.

ಬಡ್ಡಿಯ ಮಾತು ಇನ್ನು ಎತ್ತುವುದಿಲ್ಲ. ನಾನು ಹಟದಿಂದ ಕೊಟ್ಟು, ಅದು ನಿಮ್ಮ ಯಾತ್ರೆಯ ಹಣಕ್ಕೆ ಬೆರೆತಿದ್ದರೆ ಆ ಪಾಪ ನನಗೇ ಬರುತ್ತಿತ್ತು.

ಆದರೆ ಐದು ನೂರು ಉಳಿಯಿತಲ್ಲ? ಅದು ಬಡ್ಡಿಯಲ್ಲ, ಅಸಲು. ನಿಮ್ಮವರ ದುಡಿಮೆ. ನೀವು ಬಾಕಿ ಇಟ್ಟುಕೊಂಡು ಹೊರಡಬಾರದು ಎನ್ನುತ್ತೀರಿ, ನಾನು ಕೊಡದೆ ಉಳಿಯಬಾರದು ಎನ್ನುತ್ತೇನೆ. ನಿಮ್ಮದು ನಿಮಗೆ ದೊಡ್ಡದು, ನನ್ನದು ನನಗೆ ದೊಡ್ಡದು. ಮಾಫಿ ಎಂಬ ಮಾತು ಗಂಟಲಲ್ಲಿ ಇಳಿಯುವುದಿಲ್ಲ, ಸಿಟ್ಟಾಗಬೇಡಿರಿ. ದುಡ್ಡಲ್ಲದೆ ಬೇರೆ ಏನಾದರೂ ನನ್ನಿಂದ ಆಗುವುದಿದ್ದರೆ ಹೇಳಿರಿ, ಮಾಡುತ್ತೇನೆ. ಜೋಳ ಬೇಕೆ? ಮನೆಯ ಕೆಲಸಕ್ಕೆ ಬಂದು ನಿಲ್ಲಬೇಕೆ? ಅದಕ್ಕೂ ಸಿದ್ಧಳಿದ್ದೇನೆ.

ಇಪ್ಪತ್ಮೂರನೆಯ ತಾರೀಕು ಗುರುವಾರ ಬರುತ್ತೇನೆ.

ಶಂಕ್ರವ್ವ

•

ಸವಣೂರು
18-6-1983

ಶಂಕ್ರವ್ವನವರಿಗೆ ಮುನವ್ವರಾ ಬರೆಯುವುದು. ಅತ್ತೆಯವರ ಮಾತು:

"ಜೋಳಾ ಬ್ಯಾಡ. ನೀವು ಬಂದು ನಮ್ಮನೀ ಕೆಲಸಕ್ಕ ನಿಂತ್ರ ನನ್ನ ಸೊಸಿಗೆ ಇಬ್ಬರು ಅತ್ತೀ ಆಗ್ತಾರ, ಓಡಿ ಹೋಗ್ತಾಳ. ಬ್ಯಾರೆ ಒಂದು ಕೆಲಸ ಐತಿ. ಅದನ್ನ ನೀವಲ್ಲ, ನಿಮ್ಮ ಮಗಳು ಮಾಡಬೇಕು.

"ಹಡಗು ಹತ್ತಬೇಕಂದ್ರ ಕಾಲರಾ ಸೂಜಿ ಹಾಕಿಸಿಕೊಂಡು ಪುಸ್ತಕದಾಗ ಸಿಕ್ಕಾ ಒತ್ತಿಸಬೇಕಂತ. ನಾ ಅರವತ್ತೆರಡು ವರ್ಷದಾಗ ಸೂಜಿ ಚುಚ್ಚಿಸಿಕೊಂಡವಳಲ್ಲ. ಐದು ಮಕ್ಕಳನ್ನ ಹಡದೇನಿ, ಅದಕ್ಕ ಅಂಜಿಲ್ಲ. ಸೂಜಿ ನೋಡಿದ್ರ ಮಾತ್ರ ಜೀವಾ ಬಾಯಿಗೆ ಬರ್ತೈತಿ. ಎರಡು ಸಲಾ ದವಾಖಾನಿ ಬಾಗಲ ತನಕ ಹೋಗಿ ಹೊಳ್ಳಿ ಬಂದೇನಿ. ಈ ಮಾತು ಯಾರ ಮುಂದೂ ಹೇಳಬ್ಯಾಡ್ರಿ.

"ನಮ್ಮ ರೊಕ್ಕದಾಗ ಕಲತ ಕೈ ಅದು. ನಂಗ ಸೂಜಿ ಹಾಕಿದ್ರ ಆ ಕೈಯ ಹಾಕಬೇಕು. ಹಾಕಲಿ, ಐದು ನೂರು ಮುಟ್ಟಿತು ಅಂತೇನಿ. ರೋಜಾದ ಉಪಾಸ ಮುಗೀಲಿ, ಈದ್ ಆದ ಮ್ಯಾಲ ಶಿಗ್ಗಾಂವಿಗೆ ಬರ್ತೇನಿ. ಸರ್ಟಿಫಿಕೇಟು ಈಗ ಒಯ್ರಿ. ಅದಿಲ್ಲಂದ್ರ ಹುಡುಗಿ ಅಲ್ಲಿಗೆ ಹೆಂಗ ಹೋಗ್ತಾಳ, ನನಗ ಹೆಂಗ ಚುಚ್ಚತಾಳ?"

ಇದನ್ನು ಹೇಳುವಾಗಲೂ ಅವರು ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು.

ಮುನವ್ವರಾ

•

ಚಿಕ್ಕೇರೂರು
26-7-1983

ಖತೀಜಾಬಿ ಅಕ್ಕನಿಗೆ ನಿನ್ನ ತಂಗಿ ಶಂಕ್ರವ್ವನ ನಮಸ್ಕಾರಗಳು.

ಅಕ್ಕ ಎಂದು ಬರೆದಿದ್ದೇನೆ. ದವಾಖಾನೆಯಲ್ಲಿ ನನ್ನ ಮುಂಗೈ ಹಿಡಿದು ನೀನು ಆ ರೀತಿ ಹಿಚುಕಿದ ಮೇಲೆ 'ಅವರಿಗೆ, ಇವರಿಗೆ' ಎಂದು ಬರೆಯಲು ಬರುವುದಿಲ್ಲ. ಗುರುತು ನಾಲ್ಕು ದಿನ ಇತ್ತು.

ನೀನು ಕಂಡದ್ದನ್ನು ನಾನು ಬರೆಯಬೇಕಿಲ್ಲ. ಕಾಣದ್ದನ್ನು ಬರೆಯುತ್ತೇನೆ, ಹೊರಡುವ ಮೊದಲು ನಿನಗೆ ತಿಳಿದಿರಲಿ.

ಜೂನ್ ಇಪ್ಪತ್ಮೂರರಂದು ನೀನು ಬಾಯಿಗೆ ನೀರು ಹಾಕದೆ ರೋಜಾ ಇದ್ದವಳು, ನನ್ನನ್ನು ಎದುರು ಕೂರಿಸಿಕೊಂಡು ಬಿಸಿ ರೊಟ್ಟಿ ಬಡಿಸಿ, "ಉಣ್ರಿ, ನಾ ನೋಡ್ತೇನಿ" ಎಂದೆ. ನಾನು ಹದಿನೆಂಟು ನೂರು ಎಣಿಸಿ ಇಟ್ಟೆ. ನೀನು ಎಣಿಸಲಿಲ್ಲ. ಸಾಲದ ನೋಟಿನ ಮೇಲೆ ಮುನವ್ವರಾಳಿಂದ 'ಚುಕ್ತಾ' ಎಂದು ಬರೆಸಲು ಹೊರಟೆ. ಸೂಜಿ ಹಾಕಿಸಿಕೊಳ್ಳುವ ತನಕ ಬೇಡವೆಂದು ನಾನೇ ತಡೆದೆ. "ನೀವು ಸಾಲಗಾರರೋ, ನಾ ಸಾಲಗಾರಳೋ?" ಎಂದು ನೀನು ನಕ್ಕದ್ದು ನೆನಪಿದೆ. ಇಷ್ಟು ನಿನಗೆ ಗೊತ್ತು.

ಅಲ್ಲಿಂದ ಹಾನಗಲ್ಲಿಗೆ ಹೋದೆ. ಹೊನ್ನವ್ವನ ಕೈಗೆ ಸರ್ಟಿಫಿಕೇಟು ಕೊಟ್ಟು, "ಪೆಟ್ಟಿಗ್ಯಾಗಿತ್ತು, ತಗೋ" ಎಂದೆ. ಅಲ್ಲಿಯ ತನಕ ಸುಳ್ಳನ್ನು ಬಿಡುವ ಮನಸ್ಸು ನನಗೆ ಬಂದಿರಲಿಲ್ಲ. ಅವಳು ಅದನ್ನು ಬಿಚ್ಚಿದಳು, ಮೂಗಿನ ಹತ್ತಿರ ಹಿಡಿದಳು.

"ಅವ್ವಾ, ನಮ್ಮ ಪೆಟ್ಟಿಗ್ಯಾಗಿದ್ದ ಕಾಗದಕ್ಕ ಎಲೀ ವಾಸನಿ ಯಾಕ?"

ನಿಮ್ಮವರು ಅದನ್ನು ಎಲೆ ಮುಚ್ಚುವ ಬಟ್ಟೆಯಲ್ಲಿ ಸುತ್ತಿದ್ದರಲ್ಲ, ಐದು ವರ್ಷದಲ್ಲಿ ವಾಸನೆ ಕಾಗದಕ್ಕೇ ಇಳಿದಿತ್ತು. ಜಗತ್ತಿಗೆಲ್ಲ ಉತ್ತರ ಕೊಡಬಲ್ಲ ನಾನು ಮಗಳ ಆ ಒಂದು ಪ್ರಶ್ನೆಗೆ ಸಿಕ್ಕಿಬಿದ್ದೆ. ಅಲ್ಲೇ ಕೂತು ಮೊದಲಿನಿಂದ ಎಲ್ಲ ಹೇಳಿದೆ.

ಅವಳು ಅಳಲಿಲ್ಲ. ಬೈಯಲೂ ಇಲ್ಲ. "ಐದು ವರ್ಷ ಆಯಾನ ಪಗಾರಕ್ಕ ದುಡದೇನಿ, ಅವ್ವಾ. ಒಂದು ಮಾತು ಹೇಳಿದ್ರ ನಾನ ತೀರಸ್ತಿದ್ದೆ" ಎಂದಳು. ಆಮೇಲೆ ಸರ್ಟಿಫಿಕೇಟನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳು. ಅಕ್ಕಾ, ನನ್ನ ಮಾನ ಉಳಿಯಲೆಂದು ನಾನು ಮಗಳ ದುಡಿಮೆಯನ್ನು ಒತ್ತೆ ಇಟ್ಟಿದ್ದೆ ಎಂಬುದು ನನಗೆ ಆ ರಾತ್ರಿ ತಿಳಿಯಿತು. ಐದು ಸಾವಿರದ ಲೆಕ್ಕ ಹಾಕಿದವಳು ಇದರ ಲೆಕ್ಕ ಹಾಕಿರಲಿಲ್ಲ. ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತ, "ಸವಣೂರಿನ ಅಜ್ಜೀನ್ನ ನಾ ನೋಡಬೇಕು" ಎಂದಳು. ಅದೇ ಅವಳ ಮೊದಲ ಮಾತು.

ಇಪ್ಪತ್ತೇಳರಂದು ಅವಳು ಶಿಗ್ಗಾಂವಿಯಲ್ಲಿ ಹಾಜರಾದಳು. ಗುಮಾಸ್ತ ಅಸಲು ಕಾಗದ ನೋಡಿ, "ಭಾಳ ಜ್ವಾಕಿ ಇಟ್ಟೀರಿ ಬಿಡ್ರಿ, ಒಂದು ಮಡಿಕಿಲ್ಲ" ಎಂದನಂತೆ. ಜೋಪಾನ ಮಾಡಿದವರು ಮಣ್ಣಾಗಿ ಒಂದೂವರೆ ವರ್ಷವಾಗಿದೆ ಎಂದು ಅವನಿಗೆ ಯಾರು ಹೇಳಬೇಕು?

ಜುಲೈ ಹತ್ತೊಂಬತ್ತರಂದು ನೀನು ಬಂದಾಗ ನಿನ್ನ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು, ಆದುದರಿಂದ ಇದನ್ನೂ ನೀನು ಕಂಡಿಲ್ಲ. ಹೊನ್ನವ್ವ ಸೂಜಿ ಹಿಡಿಯುವ ಮೊದಲು ನಿನ್ನ ಕಾಲ ಹತ್ತಿರ ಬಗ್ಗಿ, ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನೀನು "ಬಿಸ್ಮಿಲ್ಲಾ, ಬಿಸ್ಮಿಲ್ಲಾ" ಎನ್ನುತ್ತ ನನ್ನ ಕೈ ಹಿಚುಕುತ್ತಿದ್ದೆ.

"ಹಾಕವ್ವಾ, ಇನ್ನೂ ಎಷ್ಟೊತ್ತು?" ಎಂದೆ.

"ಹಾಕಿ ಆತ್ರಿ, ಅಜ್ಜಿ."

"ಸುಳ್ಳ ಹೇಳಬ್ಯಾಡ!"

ಪುಸ್ತಕದ ಮೇಲೆ ಸಿಕ್ಕಾ ಬಿದ್ದ ಸಪ್ಪಳ ಕೇಳಿದ ಮೇಲೆಯೇ ನೀನು ಕಣ್ಣು ಬಿಟ್ಟದ್ದು. ನೋಟನ್ನು ತೆಗೆದು ನಾಲ್ಕು ಚೂರು ಮಾಡಿ, "ಐದು ನೂರು ಮುಟ್ಟಿತು. ಸೂಜಿ ಹತ್ತಿದ್ದು ತಿಳೀಲಿಲ್ಲ, ಸಾಲಾ ಹೋದದ್ದೂ ತಿಳೀಲಿಲ್ಲ" ಎಂದೆ. ಆ ಚೂರುಗಳನ್ನು ನಾನು ಬುಟ್ಟಿಗೆ ಹಾಕಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ತಂದೆ. ಈಗ ಪೆಟ್ಟಿಗೆಯಲ್ಲಿ ನಿಜವಾಗಿಯೂ ಒಂದು ಕಾಗದವಿದೆ.

ನಿಮ್ಮ ಬಸ್ಸು ಹೋದ ಮೇಲೆ ಹೊನ್ನವ್ವ ನನ್ನ ಪಕ್ಕ ಬೆಂಚಿನ ಮೇಲೆ ಕುಳಿತಳು. "ನಮ್ಮಪ್ಪ ಓದಿಸಿದಾ ಅಂತ ಎಲ್ಲಾರಿಗೂ ಹೇಳ್ತಿದ್ದೆ. ಇನ್ನ ಕೇಳಿದವರಿಗೆ ಏನ್ ಹೇಳ್ಲಿ?" ಎಂದಳು.

"ಇದ್ದದ್ದು ಹೇಳು" ಎಂದೆ.

"ನೀ ಹೇಳ್ತೀಯೇನು?"

ಅಕ್ಕಾ, ಒಂದು ವಾರದಿಂದ ಆ ಮಾತು ನನ್ನ ಹಿಂದೆಯೇ ತಿರುಗುತ್ತಿದೆ.

ಮುನವ್ವರಾಳಿಗೆ ಹೇಳು, ಅವಳ ಅಕ್ಷರಗಳು ದುಂಡಗಿವೆ, ಓದಲು ಹಿತವಾಗಿವೆ. ಮೊದಲ ಸಿಟ್ಟಿನಲ್ಲಿ ಈ ಮಾತು ಬರೆಯುವುದು ಉಳಿದಿತ್ತು.

ನಿನ್ನ ತಂಗಿ
ಶಂಕ್ರವ್ವ

•

ಚಿಕ್ಕೇರೂರು
3-8-1983
(ಅಂಚೆ ಕಾರ್ಡು)

ಸವಣೂರಿನ ಖತೀಜಾಬಿ ಅಕ್ಕನಿಗೆ ಚಿಕ್ಕೇರೂರಿನ ಶಂಕ್ರವ್ವ ತಿಳಿಸುವುದು. ನನ್ನ ಮಗಳು ಹೊನ್ನವ್ವನನ್ನು ನರ್ಸ್ ಓದಿಸಿದ್ದು ನಿನ್ನ ಗಂಡ ಹಜರತಅಲಿಯವರು ಕೊಟ್ಟ ಮೂರು ಸಾವಿರ ರೂಪಾಯಿ. ಅದನ್ನು ನಾನು ಹೇಳಿದ ಕಾಲಕ್ಕೆ ತೀರಿಸಲಿಲ್ಲ. ಐದು ಸಾವಿರ ಆಯಿತೆಂದು ಹೆದರಿ ಕೂತವಳನ್ನು ನೀನು ಕರೆದು ಊಟಕ್ಕಿಟ್ಟು, ಹದಿನೆಂಟು ನೂರು ರೂಪಾಯಿಗೂ ಒಂದು ಸೂಜಿಗೂ ಚುಕ್ತಾ ಮಾಡಿಕೊಂಡೆ. ಇಂದು ನನ್ನ ಮಗಳ ಕೈಗೆ ಮೊದಲ ಸರಕಾರಿ ಪಗಾರ ಬಂತು. ನಿನ್ನ ಹಡಗು ಸುಖವಾಗಿ ಹೋಗಿ ಸುಖವಾಗಿ ಬರಲಿ. ಅಲ್ಲಿ ನಿಂತು ಬೇಡುವಾಗ ನಮ್ಮ ಹೆಸರೂ ಒಮ್ಮೆ ತೆಗೆ. ಬಂದ ಮೇಲೆ ಬರೆ. ಕಾರ್ಡಿನಲ್ಲೇ ಬರೆ.

ಯಲ್ಲಪ್ಪಾ, ಓದಿ ಆತಿಲ್ಲೋ? ಓಣಿಯಾಗ ನೀರಿನ ಹತ್ರ ಒಮ್ಮೆ, ಕಟ್ಟೀ ಮ್ಯಾಲ ಒಮ್ಮೆ ಗಟ್ಟಿಯಾಗಿ ಓದು. ಆಮ್ಯಾಲ ಚೀಲಕ್ಕ ಹಾಕು. ಅಕ್ಕ ಹತ್ತನೇ ತಾರೀಕಿಗೆ ಊರು ಬಿಡ್ತಾಳ, ಅದರೊಳಗ ಮುಟ್ಟಬೇಕು.